ಊರಿಗೆ ಉಪಕಾರಿ, ಮನೆಗೆ ಮಾರಿ? ಗೊರ್ಬಚೇವ್ ಸಾವಿನ ಸುತ್ತ ಹಬ್ಬಿದ ಮಾತುಗಳು

ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಮಿಖಾಯಿಲ್ ಗೊರ್ಬಚೇವ್ 2022ರ ಆಗಸ್ಟ್ 30ರಂದು, ತಮ್ಮ 91ನೇ ವಯಸ್ಸಿನಲ್ಲಿ, ಮಾಸ್ಕೋದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಯುಕ್ರೇನ್ ಯುದ್ಧ ಶುರುವಾಗಿ ಆಗ ಆರು ತಿಂಗಳಾಗಿತ್ತು. ಸಾವಿನ ಸುದ್ದಿಯ ಬೆನ್ನಿಗೇ ಒಂದು ಸಿದ್ಧ ತೀರ್ಪು ಎಲ್ಲೆಡೆ ಓಡಾಡಿತು: ಪಶ್ಚಿಮದವರು ಅತ್ತರು, ರಷ್ಯನ್ನರು ಶಪಿಸಿದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ನಮ್ಮ ಗಾದೆಯನ್ನು ಅವರ ಅಳತೆ ತೆಗೆದೇ ಹೊಲಿದಂತಿತ್ತು. ತೀರ್ಪು ಪೂರ್ತಿ ಸುಳ್ಳಲ್ಲ. ಆದರೆ ಅಷ್ಟಕ್ಕೇ ತೃಪ್ತಿಪಟ್ಟರೆ ಆ ವಾರ ನಡೆದದ್ದರಲ್ಲಿ ಮುಕ್ಕಾಲು ಪಾಲು ಕಣ್ಣಿಗೇ ಬೀಳುವುದಿಲ್ಲ.

ತಪ್ಪು ಕಲ್ಪನೆ: ರಷ್ಯದಲ್ಲಿ ಅವರಿಗಾಗಿ ಯಾರೂ ಮರುಗಲಿಲ್ಲ

ಸೆಪ್ಟೆಂಬರ್ 3ರ ಶನಿವಾರ ಪಾರ್ಥಿವ ಶರೀರವನ್ನು ಮಾಸ್ಕೋದ ‘ಒಕ್ಕೂಟಗಳ ಭವನ’ದ ಕಂಬಗಳ ಸಭಾಂಗಣದಲ್ಲಿ ಇರಿಸಿದ್ದರು. ಲೆನಿನ್, ಸ್ಟಾಲಿನ್, ಬ್ರೆಜ್ನೆವ್ ಅವರ ಅಂತಿಮ ದರ್ಶನ ನಡೆದದ್ದೂ ಇದೇ ಸಭಾಂಗಣದಲ್ಲಿ. ದರ್ಶನಕ್ಕೆ ಗೊತ್ತುಮಾಡಿದ್ದ ಸಮಯ ಎರಡು ಗಂಟೆ. ಹೊರಗೆ ಸಾವಿರಾರು ಜನರ ಸಾಲು ಕರಗಲೇ ಇಲ್ಲ, ಸಮಯ ವಿಸ್ತರಿಸಬೇಕಾಯಿತು. ಹೂ ಹಿಡಿದು ನಿಂತವರಲ್ಲಿ ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ಹುಟ್ಟಿದ ಹುಡುಗ ಹುಡುಗಿಯರೂ ಇದ್ದರು.

ಈ ಸಾಲನ್ನು ಆ ವರ್ಷದ ಮಾಸ್ಕೋದಲ್ಲಿಟ್ಟು ನೋಡಬೇಕು. ಮಾರ್ಚ್‌ನಿಂದಲೇ ಸೇನೆಯ ಬಗ್ಗೆ ‘ಸುಳ್ಳು’ ಹಬ್ಬಿಸಿದರೆ ಜೈಲು ಎಂಬ ಕಾನೂನು ಬಂದಿತ್ತು. ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎತ್ತಿಕೊಂಡು ಹೋಗಿದ್ದರು. ಅಂಥ ಊರಿನಲ್ಲಿ ನಾಲ್ಕು ಜನ ಒಂದೆಡೆ ಕೂಡಿ ನಿಲ್ಲಲು ಶವಯಾತ್ರೆಯಷ್ಟು ಸುರಕ್ಷಿತವಾದ ನೆಪ ಬೇರೆ ಇರಲಿಲ್ಲ. ಗೊರ್ಬಚೇವ್ ಭಾವಚಿತ್ರ ಹಿಡಿದು ಮೆರವಣಿಗೆಯ ಮುಂದೆ ನಡೆದದ್ದು ಪತ್ರಕರ್ತ ದ್ಮಿತ್ರಿ ಮುರಾತೊವ್. ಅವರ ‘ನೋವಯಾ ಗಜೆಟಾ’ ಪತ್ರಿಕೆ ಶುರುವಾದಾಗ ಕಂಪ್ಯೂಟರ್ ಕೊಳ್ಳಲು ಗೊರ್ಬಚೇವ್ ತಮ್ಮ 1990ರ ನೊಬೆಲ್ ಹಣದಲ್ಲಿ ಪಾಲು ಕೊಟ್ಟಿದ್ದರು. ಮುರಾತೊವ್ ಅವರಿಗೂ 2021ರಲ್ಲಿ ನೊಬೆಲ್ ಬಂತು, ಮರುವರ್ಷ ಪತ್ರಿಕೆಯನ್ನೇ ನಿಲ್ಲಿಸಬೇಕಾಯಿತು. ಜೈಲಿನಲ್ಲಿದ್ದ ಪುಟಿನ್ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ ಕೂಡ ಗೌರವದ ಮಾತು ಕಳಿಸಿದರು. ಗೊರ್ಬಚೇವ್ ಅಧಿಕಾರವನ್ನು ತಾವಾಗಿ ಬಿಟ್ಟು ಹೋದರು ಎಂಬುದೇ ನವಾಲ್ನಿಗೆ ಎದ್ದು ಕಂಡ ಸಂಗತಿ.

ಹಾಗಂತ ರಷ್ಯವೇ ಕಣ್ಣೀರಿಟ್ಟಿತು ಎನ್ನುವುದೂ ಉತ್ಪ್ರೇಕ್ಷೆ. ಕೋಟಿಗೂ ಮೀರಿ ಜನರಿರುವ ನಗರದಲ್ಲಿ ಸಾವಿರಾರು ಎಂದರೆ ಬಹಳವೇನಲ್ಲ. 1996ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗೊರ್ಬಚೇವ್ ಗಳಿಸಿದ್ದು ಶೇ 0.51ರಷ್ಟು ಮತ. ಬಹುಪಾಲು ಮಂದಿ ಅಳಲೂ ಇಲ್ಲ, ಶಪಿಸಲೂ ಇಲ್ಲ. ಅವರ ಪಾಲಿಗೆ ಆ ಮನುಷ್ಯ ಎಂದೋ ಕಳೆದುಹೋಗಿದ್ದ.

ತಪ್ಪು ಕಲ್ಪನೆ: ಪುಟಿನ್ ಶವಕ್ಕೂ ಮರ್ಯಾದೆ ಕೊಡಲಿಲ್ಲ

ಕೊಟ್ಟರು, ಅಳೆದು ಸುರಿದು ಕೊಟ್ಟರು. ಸೆಪ್ಟೆಂಬರ್ 1ರಂದು ಒಬ್ಬರೇ ಆಸ್ಪತ್ರೆಗೆ ಹೋಗಿ ತೆರೆದ ಶವಪೆಟ್ಟಿಗೆಯ ಬಳಿ ಕೆಂಪು ಗುಲಾಬಿ ಇಟ್ಟು ಬಂದರು. ಶನಿವಾರದ ಅಂತ್ಯಕ್ರಿಯೆಗೆ ಮಾತ್ರ ‘ಕೆಲಸದ ಒತ್ತಡ’. ಗೌರವ ಪಹರೆ ಇತ್ತು, ರಾಷ್ಟ್ರೀಯ ಶೋಕಾಚರಣೆ ಇರಲಿಲ್ಲ. 2007ರಲ್ಲಿ ಬೋರಿಸ್ ಯೆಲ್ತ್ಸಿನ್ ಸತ್ತಾಗ ಇದೇ ಪುಟಿನ್ ಶೋಕದ ದಿನ ಘೋಷಿಸಿ, ಅಂತ್ಯಕ್ರಿಯೆಗೂ ಹೋಗಿದ್ದರು. ಪುಟಿನ್‌ಗೆ ಕುರ್ಚಿ ಬಿಟ್ಟುಕೊಟ್ಟವರು ಯೆಲ್ತ್ಸಿನ್ ಎಂಬುದನ್ನು ನೆನೆದರೆ ವ್ಯತ್ಯಾಸ ಅರ್ಥವಾಗುತ್ತದೆ.

ತಪ್ಪು ಕಲ್ಪನೆ: ರಷ್ಯನ್ನರ ಸಿಟ್ಟು ಸಾಮ್ರಾಜ್ಯ ಹೋದದ್ದಕ್ಕೆ, ಸ್ವಾತಂತ್ರ್ಯ ಅವರಿಗೆ ಬೇಡವಾಗಿತ್ತು

ಪಂಡಿತರಿಗೆ ತುಂಬ ಇಷ್ಟವಾದ ವಿವರಣೆ ಇದು, ಅದರಲ್ಲಿ ಸ್ವಲ್ಪ ಸೊಕ್ಕೂ ಇದೆ. ಸಾಮ್ರಾಜ್ಯದ ನೋವು ನಿಜ. ಆದರೆ ಮನೆಮನೆಯ ಸಿಟ್ಟಿನ ಬೇರು ಅಡುಗೆಮನೆಯಲ್ಲಿತ್ತು. 1985ರ ಮೇ ತಿಂಗಳಲ್ಲಿ, ಪಟ್ಟಕ್ಕೆ ಬಂದ ಎರಡೇ ತಿಂಗಳಿಗೆ, ಗೊರ್ಬಚೇವ್ ಮದ್ಯದ ಮೇಲೆ ಕಡಿವಾಣ ಹಾಕಿದರು. ಮಾಲ್ಡೋವಾ, ಕ್ರೈಮಿಯಾಗಳಲ್ಲಿ ದ್ರಾಕ್ಷಿ ತೋಟಗಳನ್ನೇ ಕಡಿದರು. ಜನ ಮನೆಯಲ್ಲೇ ಕಳ್ಳಭಟ್ಟಿ ಇಳಿಸತೊಡಗಿದ್ದರಿಂದ ಅಂಗಡಿಗಳಲ್ಲಿ ಸಕ್ಕರೆ ಮಾಯವಾಯಿತು. ವೋಡ್ಕಾ ತೆರಿಗೆ ಕುಸಿದು ಬೊಕ್ಕಸ ಬರಿದಾಗುತ್ತಿದ್ದಾಗಲೇ, 1986ರಲ್ಲಿ, ತೈಲದ ಬೆಲೆಯೂ ಬಿತ್ತು. ಆ ಕಾಲದ ಜೋಕು ಇದು: ವೋಡ್ಕಾ ಸಾಲಿನಲ್ಲಿ ನಿಂತು ಬೇಸತ್ತವನೊಬ್ಬ ಗೊರ್ಬಚೇವ್‌ನನ್ನು ಕೊಂದೇ ಬರುತ್ತೇನೆಂದು ಹೋದವನು ಸ್ವಲ್ಪ ಹೊತ್ತಿಗೆ ವಾಪಸ್ ಬಂದ, ‘ಅಲ್ಲಿಯ ಸಾಲು ಇನ್ನೂ ಉದ್ದ ಇದೆ’. ಗೊರ್ಬಚೇವ್ ಸ್ವತಃ ಇದನ್ನು ಹೇಳಿ ನಗುತ್ತಿದ್ದರು.

ಮುಂದಿನದು ನಗುವ ವಿಷಯವಲ್ಲ. 1991ರ ಜನವರಿ 22ರ ರಾತ್ರಿ 9ಕ್ಕೆ ಟಿವಿಯಲ್ಲಿ ಪ್ರಕಟಣೆ ಬಂತು: 50 ಮತ್ತು 100 ರೂಬಲ್‌ನ ಹಳೆಯ ನೋಟುಗಳು ಇನ್ನು ಚಲಾವಣೆಯಲ್ಲಿಲ್ಲ, ಬದಲಾಯಿಸಿಕೊಳ್ಳಲು ಮೂರು ದಿನ, ತಲೆಗೆ 1000 ರೂಬಲ್ ಮಿತಿ. ಬ್ಯಾಂಕುಗಳೂ ಅಂಗಡಿಗಳೂ ಆಗಲೇ ಮುಚ್ಚಿದ್ದವು, ಕೆಲವರು ಅದೇ ರಾತ್ರಿ ರೈಲು ಟಿಕೆಟ್ ಕೌಂಟರ್‌ಗಳಿಗೆ ಓಡಿ ದೊಡ್ಡ ನೋಟು ಮುರಿಸಲು ಪರದಾಡಿದರು. 2016ರ ನವೆಂಬರ್ 8ರ ನೋಟು ರದ್ದತಿಯ ರಾತ್ರಿಯನ್ನು ಕಂಡ ನಮಗೆ ಈ ಭೀತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. 1992ರಲ್ಲಿ ಯೆಲ್ತ್ಸಿನ್ ಸರ್ಕಾರ ಬೆಲೆ ನಿಯಂತ್ರಣ ತೆಗೆದಾಗ ಅಳಿದುಳಿದ ಉಳಿತಾಯವೂ ಕರಗಿತು. ಆ ಪಾಪ ಗೊರ್ಬಚೇವ್ ಅವರದ್ದಲ್ಲ. ಆದರೆ ಉಳಿತಾಯ ಕಳೆದುಕೊಂಡ ಮುದುಕಿಗೆ ಯಾವ ಪಾಪ ಯಾರ ಲೆಕ್ಕಕ್ಕೆ ಎಂದು ಬಿಡಿಸಿ ಹೇಳುವವರು ಯಾರು?

ತಪ್ಪು ಕಲ್ಪನೆ: ಸೋವಿಯತ್ ಒಕ್ಕೂಟವನ್ನು ಒಡೆಯಲೆಂದೇ ಬಂದವರು

ಹೊಗಳುವವರೂ ತೆಗಳುವವರೂ ಸಮನಾಗಿ ನಂಬಿರುವ ಮಾತು. ಗೊರ್ಬಚೇವ್ ಕೊನೆಯವರೆಗೂ ಒಕ್ಕೂಟ ಉಳಿಸಲು ಹೆಣಗಿದರು. 1991ರ ಮಾರ್ಚ್ 17ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 76ರಷ್ಟು ಮಂದಿ ಹೊಸ ರೂಪದ ಒಕ್ಕೂಟಕ್ಕೆ ಹೂಂ ಅಂದಿದ್ದರು. ಆರು ಗಣರಾಜ್ಯಗಳು ಮಾತ್ರ ಅದರಿಂದ ದೂರ ಉಳಿದಿದ್ದವು. ಹೊಸ ಒಪ್ಪಂದಕ್ಕೆ ಆಗಸ್ಟ್ 20ರಂದು ಸಹಿ ಬೀಳಬೇಕಿತ್ತು. ಹಿಂದಿನ ದಿನವೇ, ಒಕ್ಕೂಟ ಉಳಿಸುತ್ತೇವೆಂದು ಹೊರಟವರು ಕ್ಷಿಪ್ರಕ್ರಾಂತಿಗೆ ಕೈ ಹಾಕಿ ಅದರ ಗೋಣು ಮುರಿದರು. ಡಿಸೆಂಬರ್ 8ರಂದು ಬೆಲಾರೂಸಿನ ಕಾಡಿನ ಬಂಗಲೆಯಲ್ಲಿ ಒಕ್ಕೂಟ ಮುಗಿಯಿತೆಂದು ಬರೆದುಕೊಟ್ಟವರು ಯೆಲ್ತ್ಸಿನ್, ಯುಕ್ರೇನಿನ ಕ್ರಾವ್ಚುಕ್ ಮತ್ತು ಬೆಲಾರೂಸಿನ ಶುಷ್ಕೆವಿಚ್. ಕೊನೆಯ ಇಬ್ಬರು ತೀರಿಕೊಂಡದ್ದೂ 2022ರಲ್ಲೇ, ಒಂದೇ ಮೇ ತಿಂಗಳಲ್ಲಿ. ಅವರ ಹೆಸರು ಹಿಡಿದು ಶಪಿಸಿದವರು ಹೆಚ್ಚಿರಲಿಲ್ಲ.

ತಪ್ಪು ಕಲ್ಪನೆ: ಪಶ್ಚಿಮ ಒಕ್ಕೊರಲಿನಿಂದ ಹಾಡಿ ಹೊಗಳಿತು

ಬರ್ಲಿನ್ ಬಾವುಟ ಅರ್ಧಕ್ಕಿಳಿಸಿತು, ನಿಜ. ಆದರೆ ನ್ಯಾಟೊ, ಐರೋಪ್ಯ ಒಕ್ಕೂಟ ಎರಡರಲ್ಲೂ ಇರುವ ಲಿಥುವೇನಿಯದ ಆಗಿನ ವಿದೇಶಾಂಗ ಸಚಿವ ಗಬ್ರಿಯೇಲಿಯಸ್ ಲಾಂಡ್ಸ್‌ಬರ್ಗಿಸ್, ನಮ್ಮ ಜನ ಈತನನ್ನು ವೈಭವೀಕರಿಸುವುದಿಲ್ಲ ಎಂದು ಸಾರಿದರು. 1991ರ ಜನವರಿ 13ರಂದು ವಿಲ್ನಿಯಸ್‌ನ ಟಿವಿ ಗೋಪುರವನ್ನು ವಶಪಡಿಸಿಕೊಳ್ಳಲು ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಸತ್ತ ನಾಗರಿಕರು 14. ಆದೇಶ ತನ್ನದಲ್ಲ ಎಂದು ಗೊರ್ಬಚೇವ್ ಹೇಳುತ್ತಲೇ ಇದ್ದರು. ಸತ್ತವರ ಬಂಧುಗಳು ಅದನ್ನು ಒಪ್ಪದೆ, ಗೊರ್ಬಚೇವ್ ಸಾಯುವ ವರ್ಷವೇ ಅವರ ಮೇಲೆ ದಾವೆ ಹೂಡಿದ್ದರು. ಅದಕ್ಕೂ ಮೊದಲೇ ಸೇನೆ ಜನರ ಮೇಲೆ ಎರಗಿತ್ತು: 1989ರ ಏಪ್ರಿಲ್‌ನಲ್ಲಿ ತ್ಬಿಲಿಸಿ, 1990ರ ಜನವರಿಯಲ್ಲಿ ಬಾಕು. ಬಾಕುವಿನಲ್ಲಿ ಸತ್ತವರೇ ನೂರಕ್ಕೂ ಹೆಚ್ಚು. ಯುಕ್ರೇನಿಗೆ ಚೆರ್ನೋಬಿಲ್ ಮರೆತಿಲ್ಲ, 2014ರಲ್ಲಿ ಗೊರ್ಬಚೇವ್ ಕ್ರೈಮಿಯಾ ಸ್ವಾಧೀನವನ್ನು ಸಮರ್ಥಿಸಿದ್ದೂ ಮರೆತಿಲ್ಲ.

ಪೂರ್ವ ಯುರೋಪಿಗೆ ಅವರು ಟ್ಯಾಂಕು ಕಳಿಸಲಿಲ್ಲ, ಒಕ್ಕೂಟದ ಒಳಗೆ ಟ್ಯಾಂಕು ಹೋದವು. ಪ್ರಾಗ್‌ನವರು ನೆನೆಯುವ ಗೊರ್ಬಚೇವ್ ಬೇರೆ, ವಿಲ್ನಿಯಸ್‌ನವರು ನೆನೆಯುವವರು ಬೇರೆ. ನನ್ನ ದೃಷ್ಟಿಯಲ್ಲಿ ಎರಡೂ ನೆನಪು ಸರಿಯೇ.

ತಪ್ಪು ಕಲ್ಪನೆ: ಪಿಜ್ಜಾ ಜಾಹೀರಾತಿಗೆ ಮಾರಿಕೊಂಡ ಮನುಷ್ಯ

ಸತ್ತ ದಿನ ಲೋಕವೆಲ್ಲ ಹಂಚಿಕೊಂಡದ್ದು ಪಿಜ್ಜಾ ಹಟ್‌ಗಾಗಿ ಅವರು 1997ರಲ್ಲಿ ನಟಿಸಿದ ಜಾಹೀರಾತನ್ನು. ತಮ್ಮ ಪ್ರತಿಷ್ಠಾನ ನಡೆಸಲು ಅವರಿಗೆ ಹಣ ಬೇಕಿತ್ತು. ಹಂಚಿಕೊಂಡವರು ಅದನ್ನು ಪೂರ್ತಿ ನೋಡಿದರೋ ಇಲ್ಲವೋ: ಗೊರ್ಬಚೇವ್ ಅದರಲ್ಲಿ ಪಿಜ್ಜಾ ತಿನ್ನುವುದೇ ಇಲ್ಲ. ಪಕ್ಕದ ಮೇಜಿನ ರಷ್ಯನ್ ಕುಟುಂಬವೊಂದು, ಈತ ನಮ್ಮನ್ನು ಹಾಳು ಮಾಡಿದನೋ ಉದ್ಧಾರ ಮಾಡಿದನೋ ಎಂದು ಜಗಳಾಡುತ್ತದೆ.

ತಪ್ಪು ಕಲ್ಪನೆ: ನಮಗೂ ಅವರಿಗೂ ನಂಟಿಲ್ಲ

1986ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಜೊತೆ ಅಣ್ವಸ್ತ್ರಮುಕ್ತ, ಅಹಿಂಸಾತ್ಮಕ ಜಗತ್ತಿಗಾಗಿ ದೆಹಲಿ ಘೋಷಣೆಗೆ ಸಹಿ ಹಾಕಿದವರು ಇವರು. ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿದ್ದ ರಷ್ಯ ಮೂಲದ ಕಲಾವಿದ ಸ್ವೆತೊಸ್ಲಾವ್ ರೋರಿಕ್, ನಟಿ ದೇವಿಕಾರಾಣಿ ದಂಪತಿ 1987ರಲ್ಲಿ ಮಾಸ್ಕೋಗೆ ಹೋಗಿ ಇವರನ್ನು ಭೇಟಿಯಾಗಿದ್ದರು. ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳು ನಿಂತದ್ದು ಒಕ್ಕೂಟ ಕುಸಿದ ಮೇಲೆ. ನಮ್ಮಲ್ಲಿ ಒಂದು ತಲೆಮಾರಿನ ಓದುಗರಿಗೆ ಗೊರ್ಬಚೇವ್ ಮೇಲೆ ಇರುವ ಮುನಿಸು ಬಹುಶಃ ಇದೊಂದೇ!

ತಪ್ಪು ಕಲ್ಪನೆ: ಚೀನಾಕ್ಕೆ ಈ ಸಾವು ಲೆಕ್ಕಕ್ಕೇ ಇರಲಿಲ್ಲ

ಬೀಜಿಂಗ್‌ನ ವಿದೇಶಾಂಗ ವಕ್ತಾರರು ಹೇಳಿದ್ದು ಚುಟುಕು ಸಂತಾಪ: ಎರಡು ದೇಶಗಳ ಸಂಬಂಧ ಸರಿಪಡಿಸಲು ಗೊರ್ಬಚೇವ್ ನೆರವಾದರು, ಅಷ್ಟೇ. ಆ ಚುಟುಕಿನ ಹಿಂದೆ 1989 ಇದೆ. ಸುಧಾರಣಾವಾದಿ ಹೂ ಯಾವೊಬಾಂಗ್ ಅವರು ಏಪ್ರಿಲ್ 15ರಂದು ಸತ್ತಾಗ ಶೋಕಿಸಲು ತಿಯಾನನ್ಮನ್ ಚೌಕದಲ್ಲಿ ಸೇರಿದ ವಿದ್ಯಾರ್ಥಿಗಳ ಶೋಕ ಪ್ರತಿಭಟನೆಯಾಗಿ ಬೆಳೆಯಿತು. ಮೇ ತಿಂಗಳಲ್ಲಿ ಗೊರ್ಬಚೇವ್ ಬಂದಾಗ ಚೌಕ ತುಂಬಿ ತುಳುಕುತ್ತಿದ್ದರಿಂದ ಸ್ವಾಗತ ಸಮಾರಂಭವನ್ನು ವಿಮಾನ ನಿಲ್ದಾಣಕ್ಕೆ ಒಯ್ಯಬೇಕಾಯಿತು. ಸುಧಾರಕನ ಶವದ ಸುತ್ತ ಜನ ಸೇರುವುದೆಂದರೇನು ಎಂಬುದು ಬೀಜಿಂಗ್‌ಗೆ ಚೆನ್ನಾಗಿ ಗೊತ್ತು. ಆ ಭೇಟಿಯಲ್ಲಿ ಗೊರ್ಬಚೇವ್ ಜೊತೆ ಮಾತಾಡಿದ್ದ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಝಿಯಾಂಗ್ ಕೆಲವೇ ವಾರಗಳಲ್ಲಿ ಅಧಿಕಾರ ಕಳೆದುಕೊಂಡರು. ಗೃಹಬಂಧನದಲ್ಲೇ 2005ರಲ್ಲಿ ತೀರಿಕೊಂಡ ಅವರ ಚಿತಾಭಸ್ಮ ಮನೆಯಲ್ಲೇ ಉಳಿಯಿತು, ಮಣ್ಣು ಮಾಡಲು ಆದದ್ದು 2019ರಲ್ಲಿ.