ಹಳೆಯ ಎಂಜಿನ್ನಿಗೆ ಯಾವ ಇಂಧನಕ್ರಮ?

ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿದರೂ, ಅಲ್ಲಿ ತಯಾರಾದ ಮೋಟಾರ್ ಸೈಕಲ್ಲುಗಳ ಮೇಲಣ ಅಭಿಮಾನವು ಕುಂದಿಲ್ಲ. ಅವುಗಳ ಎಂಜಿನ್ನನ್ನು ಪುನಃ ಕಟ್ಟುವವರು ಕಾರ್ಬುರೇಟರನ್ನೇ ಉಳಿಸಬೇಕೆ, ಫ್ಯೂಯಲ್ ಇಂಜೆಕ್ಷನ್ನನ್ನು ಅಳವಡಿಸಬೇಕೆ ಎಂಬುದು ವಿಚಾರಣೀಯ.

ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಕಾರ್ಬುರೇಟರಿನಲ್ಲಿ ಒಳಹರಿಯುವ ಗಾಳಿಯೇ ಜೆಟ್ಟಿನ ಮೂಲಕ ಪೆಟ್ರೋಲನ್ನು ಸೆಳೆಯುತ್ತದೆ. ಇಂಜೆಕ್ಷನ್ನಿನಲ್ಲಿ ಸೆನ್ಸಾರುಗಳ ಸೂಚನೆಯಂತೆ ವಿದ್ಯುನ್ಮಾನ ಘಟಕವು ಅಳೆದು ಸಿಂಪಡಿಸುತ್ತದೆ. ಮಿತವ್ಯಯಕ್ಕೂ ಹೊಗೆಯ ನಿಯಂತ್ರಣಕ್ಕೂ ಎರಡನೆಯದೇ ಮೇಲು. 2018ರ ನೂತನ ಜಾವಾ ಅದನ್ನೇ ಅಂಗೀಕರಿಸಿತು.

ಆದರೆ ಇಂಜೆಕ್ಷನ್ನಿಗೆ ಒತ್ತಡದ ಪಂಪೂ ಸ್ಥಿರವಾದ ವಿದ್ಯುತ್ತೂ ಅವಶ್ಯ. ಹಳೆಯ ಜಾವಾದ 6 ವೋಲ್ಟಿನ ಡೈನಮೋ ಆ ಭಾರವನ್ನು ತಾಳಲಾರದು. ಮೂಲರೂಪದ ರಕ್ಷಣೆಯೇ ಗುರಿಯಾದಲ್ಲಿ ಕಾರ್ಬುರೇಟರೇ ಯುಕ್ತ. ಆದರೆ ಜೆಟ್ಟನ್ನು ಶುಚಿಗೊಳಿಸಿ ಮಿಶ್ರಣವನ್ನು ಹದಗೊಳಿಸುವ ಕೈಚಳಕವನ್ನು ಕಿರಿಯರು ಕಲಿಯದಿದ್ದರೆ ಆ ಆಯ್ಕೆಯೂ ನಿರರ್ಥಕವಾದೀತು.