ಕೂತವರು ಚಿರತೆಗೆ ಹೇಗೆ ಕಾಣುತ್ತಾರೆ

ಭಾಂಡುಪ್ ಸ್ಟೇಶನ್ನಿನಿಂದ ಪಶ್ಚಿಮಕ್ಕೆ ರಿಕ್ಷಾ ಹಿಡಿದು ಗುಡ್ಡ ಹತ್ತಿದರೆ, ಒಂದರ ಹೆಗಲ ಮೇಲೊಂದು ಕೂತಂತಿರುವ ಮನೆಗಳು ಖಿಂಡಿಪಾಡಾದ ಆಸುಪಾಸಿನಲ್ಲಿ ಮುಗಿಯುತ್ತವೆ. ಆಚೆಗೆ ಮುಂಬಯಿಗೆ ಕುಡಿಯುವ ನೀರು ಶುದ್ಧಮಾಡಿ ಕಳಿಸುವ ಪಾಲಿಕೆಯ ಕಾಂಪ್ಲೆಕ್ಸ್, ವಿಹಾರ್ ಕೆರೆ, ಸುತ್ತ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಕಾಡಿನ ವಿಸ್ತಾರ ಸುಮಾರು 104 ಚದರ ಕಿಲೋಮೀಟರ್. ಒಂದು ಚಿರತೆಯ ಮೈಮೇಲಿನ ಚುಕ್ಕೆಗಳಂತೆ ಇನ್ನೊಂದರದು ಇರುವುದಿಲ್ಲ. ಆ ಗುರುತು ಹಿಡಿದು, ಕ್ಯಾಮೆರಾ ಕಟ್ಟಿ 2015ರಲ್ಲಿ ಇಲ್ಲಿ ಎಣಿಸಿದಾಗ 35 ಚಿರತೆಗಳು ಸಿಕ್ಕಿದ್ದವು. ಆಮೇಲಿನ ಎಣಿಕೆಯೊಂದರಲ್ಲಿ 54.

ಈ ಗುಡ್ಡದ ಜನ ಬೆಳಗಿನ ನಾಲ್ಕೂವರೆಗೆ ಎದ್ದು ಕೆಲಸಕ್ಕೆ ಹೊರಡುವವರು. ಚಿರತೆ ತಿರುಗಾಡುವ ಹೊತ್ತೂ ಅದೇ. ಹಾಗಿದ್ದೂ ಇಬ್ಬರೂ ವರ್ಷವರ್ಷಗಳಿಂದ ಒಂದೇ ಕತ್ತಲಲ್ಲಿ ನಡೆದಾಡುತ್ತಿರುವುದು ಹೇಗೆ? ಉತ್ತರದ ದೊಡ್ಡ ಪಾಲು ನಮ್ಮ ಎತ್ತರದಲ್ಲಿದೆ.

ಚಿರತೆ ಹೊಂಚಿ ಕೂತು, ತೀರ ಹತ್ತಿರ ಬಂದು, ಕುತ್ತಿಗೆಗೆ ಬಾಯಿ ಹಾಕುವ ಪ್ರಾಣಿ. ಜಿಂಕೆ, ಲಂಗೂರ, ಹಂದಿಮರಿ, ಬೀದಿನಾಯಿ ಅದರ ಊಟ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ, ಕುತ್ತಿಗೆ ಐದಡಿ ಮೇಲಿರುವ ಜೀವಿ ಅದರ ಲೆಕ್ಕಕ್ಕೆ ಕೂರುವುದಿಲ್ಲ. ಅದೇ ಮನುಷ್ಯ ಪೊದೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತನೆನ್ನಿ, ಕುತ್ತಿಗೆ ನಾಯಿಯ ಎತ್ತರಕ್ಕೆ ಇಳಿಯಿತು. ದಾಳಿಗೆ ಸಿಕ್ಕವರಲ್ಲಿ ಮಕ್ಕಳು ಮತ್ತು ಕತ್ತಲಲ್ಲಿ ಬಯಲಿಗೆ ಹೋಗಿ ಕೂತವರೇ ಹೆಚ್ಚಾಗಿರುವುದು ಇದರಿಂದ. ಸಾರ್ವಜನಿಕ ಸಂಡಾಸಿನ ಬಲ್ಬು ಕೆಟ್ಟಿದೆ, ನೀರಿಲ್ಲ, ಕ್ಯೂ ಉದ್ದವಿದೆ ಎಂದಾಗ ಹೆಂಗಸರೂ ಮಕ್ಕಳೂ ಗುಡ್ಡದಂಚಿಗೆ ಹೋಗುತ್ತಾರೆ. ಭಾಂಡುಪ್‌ನಲ್ಲಿ ಚಿರತೆಯ ವಿಷಯ ಮಾತಾಡುವವರು ಮೊದಲು ಮಾತಾಡಬೇಕಾದದ್ದು ಆ ಬಲ್ಬಿನ ಬಗ್ಗೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎರಡನೆಯದು ಕಚರಾ. ಭಾನುವಾರ ರಾತ್ರಿ ಕೋಳಿಯಂಗಡಿಯ ಮೂಲೆಯಲ್ಲಿ ಪುಕ್ಕ, ಕರುಳು ತುಂಬಿದ ಚೀಲ ಬಿದ್ದಿರುತ್ತದೆ. ಅದನ್ನೆಳೆಯಲು ನಾಯಿಗಳು ಸೇರುತ್ತವೆ, ನಾಯಿಗಳ ಹಿಂದೆ ಚಿರತೆ. ಅದು ನಮ್ಮ ಗಲ್ಲಿಗೆ ಬರುವುದು ನಾಯಿಗಾಗಿಯೇ ಹೊರತು ನಮಗಾಗಿ ಅಲ್ಲ.

ಹಿಡಿದು ದೂರ ಬಿಟ್ಟುಬನ್ನಿ ಎಂಬ ಬೇಡಿಕೆ ಪ್ರತಿ ಸಲ ಏಳುತ್ತದೆ. ಅದನ್ನು ಮಾಡಿ ನೋಡಿಯಾಗಿದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರ ನಂತರ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ದಾಳಿ 17ಕ್ಕೆ ಏರಿತ್ತು. ಚಿರತೆಗೆ ತನ್ನದೇ ಸರಹದ್ದು, ಗೊತ್ತಿರುವ ನೀರು, ಗೊತ್ತಿರುವ ದಾರಿ ಇರುತ್ತದೆ. ಬೋನಿನಲ್ಲಿ ಹೆದರಿ, ಗಾಯಗೊಂಡು, ಅಪರಿಚಿತ ಜಾಗದಲ್ಲಿ ಇಳಿದ ಪ್ರಾಣಿ ದಿಕ್ಕು ತಪ್ಪುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬರುತ್ತದೆ. ಮುಂಬಯಿಯಲ್ಲೂ 2004ರ ಮಳೆಗಾಲದ ಆರಂಭದ ದಿನಗಳು ಚಿರತೆ ದಾಳಿಗಳಿಂದ ಭೀಕರವಾಗಿದ್ದವು. ಆಮೇಲೆ 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು, ನಾಗರಿಕರು ಸೇರಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಉದ್ಯಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂಬ ಅಭಿಯಾನ ಶುರುಮಾಡಿ, ಗಲ್ಲಿಗಲ್ಲಿಗೆ ಹೋಗಿ ಮಾತಾಡಿದರು.

ಕಾಡಿನಂಚಿನಲ್ಲಿ ಕೆಲಸಕ್ಕೋ ವಾಕಿಂಗಿಗೋ ಹೋಗುವವರು ತಾವು ಮನುಷ್ಯರೆಂದು ಮೊದಲೇ ತಿಳಿಸಿಬಿಡಬೇಕು. ಮಾತಾಡುತ್ತಾ ನಡೆಯಿರಿ, ಒಬ್ಬರೇ ಇದ್ದರೆ ಮೊಬೈಲಿನಲ್ಲಿ ಹಾಡು ಹಾಕಿ, ಕಿವಿಗೆ ಇಯರ್‌ಫೋನ್ ಮಾತ್ರ ಬೇಡ. ಟಾರ್ಚು ಕೈಯಲ್ಲಿರಲಿ, ಅದು ಹಾವಿನಿಂದಲೂ ಕಾಯುತ್ತದೆ. ಮಗು ಹಿಂದೆ ಉಳಿಯದೆ ನಡುವೆ ನಡೆಯಲಿ. ಶೂ ಲೇಸು ಕಟ್ಟುವುದಿದ್ದರೆ ದೀಪದ ಕೆಳಗೆ ಬಂದು ಕಟ್ಟಿ. ಎದುರಿಗೇ ಕಂಡುಬಿಟ್ಟರೆ ಓಡಬೇಡಿ: ಓಡುವುದನ್ನು ಅಟ್ಟುವುದು ಬೆಕ್ಕಿನ ಜಾತಿಯ ಹುಟ್ಟುಗುಣ. ಮುಖ ಅದರ ಕಡೆಗಿಟ್ಟು, ಕೈಯೆತ್ತಿ, ಗಟ್ಟಿಯಾಗಿ ಮಾತಾಡುತ್ತಾ ಹಿಂದೆ ಹಿಂದೆ ಸರಿಯಿರಿ.

ಇವೆಲ್ಲಕ್ಕಿಂತ ನನಗೆ ಭಯ ಚಿರತೆ ನೋಡಲು ಸೇರುವ ಗುಂಪಿನದು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಹೊಕ್ಕಾಗ, ಹಿಡಿಯುವ ಕೆಲಸಕ್ಕೆ ನೆರವಾಗಲು ಹೋಗಿದ್ದ ಸಂಜಯ್ ಗುಬ್ಬಿಯವರನ್ನು ಅದು ಈಜುಕೊಳದ ಬಳಿ ಕಚ್ಚಿ ಗಾಯಗೊಳಿಸಿತು. ಚಿರತೆಗಳ ಅಧ್ಯಯನಕ್ಕೇ ಆಯುಷ್ಯ ಕೊಟ್ಟವರು ಅವರು. ದಾರಿ ಮುಚ್ಚಿದ ಚಿರತೆಯ ಮುಂದೆ ಅವರ ಪಾಡೇ ಹಾಗಾದರೆ, ಮೊಬೈಲು ಹಿಡಿದು ಮುನ್ನುಗ್ಗುವ ಹುಡುಗರ ಗತಿಯೇನು?

ಈ ಕಾಡಿನ ವಾರ್ಲಿ ಜನ ವಾಘೋಬಾನನ್ನು ಪೂಜಿಸುತ್ತಾರೆ. ಹುಲಿಗೂ ಚಿರತೆಗೂ ಅವನೇ ದೇವರು. ಊರಿನಲ್ಲಿ ಹುಲಿದೈವ ಪಿಲಿಚಾಮುಂಡಿಗೆ ಕೈಮುಗಿದು ಬಂದ ನಮ್ಮ ಕರಾವಳಿಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಗಲಲ್ಲಿ ಚಿರತೆ ಮನೆಗಳ ನಡುವೆ ಸಿಕ್ಕಿಬಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿ. ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿ. ಕಾಡಿನ ಕಡೆಯ ಗಲ್ಲಿಯಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಕತ್ತಲಾಗಿ ಜನರ ಸದ್ದಡಗಿದರೆ, ಬಂದ ದಾರಿಯಲ್ಲೇ ಅದು ಹೊರಟುಹೋಗುವ ಸಾಧ್ಯತೆಯೇ ಹೆಚ್ಚು.