ಕಿಡ್ನಿ ಕೊಟ್ಟವರು ಹೇಗಿದ್ದಾರೆ?

1954ರ ಡಿಸೆಂಬರ್. ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರೊನಾಲ್ಡ್ ಹೆರಿಕ್ ಎಂಬ 23 ವರ್ಷದ ಯುವಕ ತನ್ನ ಅವಳಿ ಸೋದರ ರಿಚರ್ಡ್‌ಗೆ ಒಂದು ಕಿಡ್ನಿ ಕೊಡಲು ಒಪ್ಪಿದ್ದ. ರಿಚರ್ಡ್‌ನ ಎರಡೂ ಕಿಡ್ನಿ ಕೆಟ್ಟುಹೋಗಿದ್ದವು. ಇಬ್ಬರೂ ನಿಜಕ್ಕೂ ತದ್ರೂಪಿ ಅವಳಿಗಳೇ ಎಂದು ಖಾತ್ರಿ ಮಾಡಿಕೊಳ್ಳಲು ವೈದ್ಯರು ಅವರನ್ನು ಪೊಲೀಸ್ ಠಾಣೆಗೆ ಕಳಿಸಿ ಬೆರಳಚ್ಚನ್ನೂ ತೆಗೆಸಿದ್ದರು!

ಶಸ್ತ್ರಚಿಕಿತ್ಸೆಗೆ ಮೊದಲು ರೊನಾಲ್ಡ್ ಒಂದು ಪ್ರಶ್ನೆ ಕೇಳಿದ. ಇನ್ನು ಮುಂದೆ ಬದುಕಿಡೀ ನನ್ನ ಆರೋಗ್ಯದ ಹೊಣೆಯನ್ನು ಆಸ್ಪತ್ರೆ ಹೊರುತ್ತದೆಯೇ? ಇಲ್ಲ ಎಂದರು ಡಾ. ಹಾರ್ಟ್‌ವೆಲ್ ಹ್ಯಾರಿಸನ್. ಆದರೆ ನಿನಗೆ ಕಷ್ಟ ಬಂದರೆ ಈ ಕೋಣೆಯಲ್ಲಿರುವ ಯಾರಾದರೂ ನಿನ್ನನ್ನು ಕೈಬಿಟ್ಟಾರೆಯೇ ಎಂದೂ ಮರುಪ್ರಶ್ನೆ ಹಾಕಿದರು.

ಡಿಸೆಂಬರ್ 23ರಂದು ಡಾ. ಜೋಸೆಫ್ ಮರ್ರೆ ಆ ಕಿಡ್ನಿಯನ್ನು ರಿಚರ್ಡ್‌ಗೆ ಜೋಡಿಸಿದರು. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಅದು. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ರಿಚರ್ಡ್ ತನ್ನನ್ನು ನೋಡಿಕೊಂಡ ನರ್ಸ್‌ಳನ್ನೇ ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿ, ಎಂಟು ವರ್ಷ ಬದುಕಿದ. ರೊನಾಲ್ಡ್ ಗಣಿತದ ಮೇಷ್ಟ್ರಾದರು. ಒಂದೇ ಕಿಡ್ನಿಯಲ್ಲಿ 56 ವರ್ಷ ಬಾಳಿ, 2010ರಲ್ಲಿ 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಕಿಡ್ನಿ ಹೋದರೆ ಅರ್ಧ ಕೆಲಸ ನಿಲ್ಲಬೇಕಲ್ಲವೇ, ಮಕ್ಕಳೇ? ಹಾಗಾಗುವುದಿಲ್ಲ. ಮುಷ್ಟಿ ಗಾತ್ರದ ಒಂದೊಂದು ಕಿಡ್ನಿಯಲ್ಲಿ ರಕ್ತ ಸೋಸುವ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಜೊತೆಗಾರ ಹೋದಮೇಲೆ ಉಳಿದ ಕಿಡ್ನಿ ಸ್ವಲ್ಪ ಹಿಗ್ಗುತ್ತದೆ. ಹೊಸ ಜರಡಿಗಳು ಹುಟ್ಟುವುದಿಲ್ಲ, ಇರುವವೇ ದೊಡ್ಡದಾಗುತ್ತವೆ. ಎರಡೂ ಸೇರಿ ಮಾಡುತ್ತಿದ್ದ ಕೆಲಸದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲನ್ನು ಆ ಒಂದೇ ನಿಭಾಯಿಸುತ್ತದೆ.

ಆದರೆ ಹೆಚ್ಚು ದುಡಿಯುವ ಈ ಕಿಡ್ನಿ ನಲವತ್ತು ವರ್ಷದ ಮೇಲೆ ಹೇಗಿರುತ್ತದೆ? ಉತ್ತರಕ್ಕಾಗಿ ಸಂಶೋಧಕರು ಮೊದಲು ನೋಡಿದವರಲ್ಲಿ ಸೈನಿಕರಿದ್ದರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಒಂದು ಕಿಡ್ನಿ ಕಳೆದುಕೊಂಡ 62 ಅಮೆರಿಕನ್ ಸೈನಿಕರನ್ನು 45 ವರ್ಷಗಳ ನಂತರ ಇತರ 620 ಸೈನಿಕರೊಂದಿಗೆ ಹೋಲಿಸಿದರು. ಸಾವಿನ ಪ್ರಮಾಣ ಹೆಚ್ಚಿರಲಿಲ್ಲ. 2009ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದವರು 1963ರಿಂದ ಕಿಡ್ನಿ ಕೊಟ್ಟಿದ್ದ 3,698 ದಾನಿಗಳ ಲೆಕ್ಕ ಹಿಡಿದರು. ಅವರೂ ಸಾಮಾನ್ಯ ಜನರಷ್ಟೇ ಕಾಲ ಬದುಕುತ್ತಿದ್ದರು.

ಸಂತೋಷದ ಸುದ್ದಿಯೇ. ಆದರೂ ಹೊಲದ ಕೆಲಸ ಬಲ್ಲ ಅಜ್ಜ ಇಲ್ಲೊಂದು ತಕರಾರು ತೆಗೆದಾರು. ಬಿತ್ತನೆಗೆಂದು ಆರಿಸಿಟ್ಟ ಕಾಳನ್ನು ರಾಶಿಯ ಕಾಳಿಗೆ ಹೋಲಿಸಬಹುದೇ? ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಏನೂ ಇಲ್ಲವೆಂದು ಪರೀಕ್ಷಿಸಿ ಆರಿಸಿದವರೇ ದಾನಿಗಳು. ಅವರು ಊರ ಜನರಿಗಿಂತ ಗಟ್ಟಿಯಾಗಿಯೇ ಇರಬೇಕು. ಅಷ್ಟೇ ಆರೋಗ್ಯವಿದ್ದೂ ಕಿಡ್ನಿ ಕೊಡದವರ ಜೊತೆ ಹೋಲಿಸಿದರೆ ಮಾತ್ರ ನ್ಯಾಯ.

2014ರಲ್ಲಿ ಅಮೆರಿಕದ ಸಂಶೋಧಕರು ಹಾಗೆಯೇ ಮಾಡಿದರು. 96,217 ದಾನಿಗಳ ಪಟ್ಟಿಯನ್ನು, ಕಿಡ್ನಿ ಪೂರ್ತಿ ಕೆಟ್ಟವರ ಸರ್ಕಾರಿ ಪಟ್ಟಿಯೊಂದಿಗೆ ತಾಳೆ ನೋಡಿದರು. 80 ವರ್ಷದೊಳಗೆ ಕಿಡ್ನಿ ಪೂರ್ತಿ ಕೆಡುವವರು ಎಷ್ಟು ಮಂದಿ ಎಂಬ ಅವರ ಅಂದಾಜು ಹೀಗಿದೆ: ಸಾಮಾನ್ಯ ಜನರಲ್ಲಿ ಹತ್ತು ಸಾವಿರಕ್ಕೆ 326, ದಾನಿಗಳಲ್ಲಿ 90, ಅಷ್ಟೇ ಆರೋಗ್ಯವಂತರಾಗಿದ್ದು ದಾನ ಮಾಡದವರಲ್ಲಿ 14. ಅಂದರೆ ಅಪಾಯ ಕಡಿಮೆಯೇ, ಆದರೆ ಸೊನ್ನೆಯಲ್ಲ. ಕೊಡುವವರಿಗೆ ಈ ಮೂರೂ ಸಂಖ್ಯೆಗಳನ್ನು ಹೇಳಬೇಕು. ಮೊದಲ ಎರಡನ್ನಷ್ಟೇ ಹೇಳಿ ಬೆನ್ನು ತಟ್ಟಿದರೆ ಅದು ಅರ್ಧ ಸತ್ಯ.

ಮುಂದೆ ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಕಿಡ್ನಿ ಕೊಟ್ಟ ನಂತರ ಬಸುರಾದವರಲ್ಲಿ ನೂರಕ್ಕೆ 11 ಬಸಿರುಗಳಲ್ಲಿ ರಕ್ತದೊತ್ತಡದ ತೊಂದರೆ ಕಂಡಿತು. ಕೊಡದವರಲ್ಲಿ ಅದು 5. ಹೆಚ್ಚಿನ ತಾಯಂದಿರೂ ಮಕ್ಕಳೂ ಚೆನ್ನಾಗಿದ್ದರು. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ತಾಯಿ, ಹೆಂಡತಿಯರೇ ಹೆಚ್ಚು. ಆದ್ದರಿಂದ ಇದು ನಮಗೆ ದೂರದ ಸಂಗತಿಯಲ್ಲ. ಅಂದಹಾಗೆ, ನಮ್ಮ ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಹತ್ತಿರದ ಬಂಧುಗಳ ಪಟ್ಟಿಗೆ ಸೇರಿಸಿತು. ಬದುಕಿರುವಾಗ ಕೊಡುವ ಮೊಮ್ಮಕ್ಕಳಿಗೆ ಮಾತ್ರ 18 ತುಂಬಿರಬೇಕು!

ಇಂಥ ಅಧ್ಯಯನ ಸುಲಭವಲ್ಲ. ಆರೋಗ್ಯವಾಗಿರುವ ದಾನಿ ಆಸ್ಪತ್ರೆಗೆ ಏಕೆ ಹೋದಾನು? ಕೆಲಸ, ಊರು, ವಿಳಾಸ ಎಲ್ಲ ಬದಲಾಗುತ್ತವೆ. ಅಮೆರಿಕದಲ್ಲಿ ಆಸ್ಪತ್ರೆಗಳು ದಾನಿಯ ಆರೋಗ್ಯದ ವರದಿ ಕೊಡಬೇಕಾದದ್ದು ಎರಡು ವರ್ಷದವರೆಗೆ. ಕಿಡ್ನಿ ಕಾಯಿಲೆಯೋ ಸದ್ದಿಲ್ಲದೆ ಹತ್ತಾರು ವರ್ಷ ತೆಗೆದುಕೊಂಡು ಬೆಳೆಯುತ್ತದೆ.

ಮನೆಯಲ್ಲೋ ನೆರೆಯಲ್ಲೋ ಕಿಡ್ನಿ ಕೊಟ್ಟವರಿದ್ದರೆ ಅವರಿಗೆ ವರ್ಷಕ್ಕೊಮ್ಮೆ ಮೂರು ಪರೀಕ್ಷೆ ಆಗಬೇಕು: ಬಿಪಿ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್. ಮಂಡಿನೋವೆಂದು ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬಾರದು. ಯಾವ ವೈದ್ಯರ ಬಳಿ ಹೋದರೂ ನನಗಿರುವುದು ಒಂದೇ ಕಿಡ್ನಿ ಎಂದು ಮೊದಲೇ ಹೇಳಬೇಕು. ಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೆನಪಿಸುವ ಕೆಲಸ ಮೊಮ್ಮಕ್ಕಳಿಗಿರಲಿ.